ಸತ್ತ ಅಪ್ಪನಿಗೆ ವೀಸಾ

ಅಪ್ಪನನ್ನು ನಾನು ಇಂಗ್ಲೆಂಡಿನಿಂದ ಹುಣಸೂರಿಗೆ ಕರೆಸಿಕೊಂಡದ್ದು ಪ್ರೀತಿಯಿಂದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಗೆ ಬರುವವರು, ಬೀದಿಯವರು, ನೆಂಟರು ಎಲ್ಲರೂ ಈಗ ‘ಎಂಥಾ ಮಗಳು’ ಎಂದು ನನ್ನನ್ನು ಹೊಗಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಅಲ್ಲಿ ನಡೆಯುವುದು ಅರ್ಜಿ ತುಂಬುವ ಕೆಲಸ. ಜಾತಿ ಪ್ರಮಾಣಪತ್ರ, ಪಹಣಿ, ವೃದ್ಧಾಪ್ಯ ವೇತನ, ಪಾಸ್‌ಪೋರ್ಟು, ಏನು ಬೇಕಾದರೂ ನನ್ನ ಹತ್ತಿರ ಬರುತ್ತಾರೆ. ಯಾವ ಕಾಗದ ಯಾವ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ ಎಂಬುದು ನನಗೆ ಗೊತ್ತು. ನನ್ನದೇ ಅರ್ಜಿಗಳಲ್ಲಿ ತಂದೆಯ ಹೆಸರಿನ ಮುಂದೆ ‘ಲೇಟ್’ ಎಂದು ಟೈಪ್ ಮಾಡಿಕೊಂಡು ಇಪ್ಪತ್ತು ವರ್ಷ ಕಳೆದಿದ್ದೆ. ಬೆರಳಿಗೆ ಅದೊಂದು ಅಭ್ಯಾಸವಾಗಿ ಹೋಗಿತ್ತು.

ನಮ್ಮ ಊರು ಪಿರಿಯಾಪಟ್ಟಣ ತಾಲ್ಲೂಕಿನದು. ಅಪ್ಪ ಅಡಿಗೆಯಲ್ಲಿ ಕೈ ಪಳಗಿದವನು. ಕೊಡಗಿನ ಒಬ್ಬ ಕಾಫಿ ತೋಟದ ಸಾಹುಕಾರರ ಮನೆಯಲ್ಲಿ ಅಡಿಗೆ ಮಾಡುತ್ತಿದ್ದ. ಆ ಸಾಹುಕಾರರ ಮಗ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದಾಗ ಅವರ ಮನೆಗೆ ಅಡಿಗೆಯವನಾಗಿ ಹೋದ. ನನಗಾಗ ಆರು ವರ್ಷ. ಎರಡು ವರ್ಷ ಕಾಗದ ಬರೆದ. ಆಮೇಲೆ ನಿಂತಿತು. ಅವನು ಸಾಹುಕಾರರ ಮನೆ ಬಿಟ್ಟು ಯಾವುದೋ ಹೋಟೆಲು ಸೇರಿದ್ದಾನೆ, ಅಲ್ಲಿಯ ಒಬ್ಬ ಹೆಂಗಸಿನ ಜೊತೆ ಇದ್ದಾನೆ ಎಂದು ತೋಟದ ಲೆಕ್ಕ ಬರೆಯುವ ರೈಟರು ಅವ್ವನಿಗೆ ತಿಳಿಸಿದರು. ಅವ್ವ ಊರವರ ಗದ್ದೆಗಳಲ್ಲಿ ನಾಟಿ ಹಾಕಿ, ಹೊಗೆಸೊಪ್ಪು ಕಟ್ಟಿ ನನ್ನನ್ನು ಪಿಯುಸಿವರೆಗೆ ಓದಿಸಿದಳು.

ಅಪ್ಪನ ತಮ್ಮ, ಎಂದರೆ ನಮ್ಮ ಚಿಕ್ಕಪ್ಪ, ಜಮೀನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಾಗ ಅಣ್ಣನ ಹೆಸರು ಅಡ್ಡ ಬಂತು. ಬಹಳ ವರ್ಷ ಸುದ್ದಿಯೇ ಇಲ್ಲದವನನ್ನು ಸತ್ತನೆಂದು ತೀರ್ಮಾನಿಸಬಹುದು ಎಂದು ವಕೀಲರು ಹೇಳಿದರಂತೆ. ಕೋರ್ಟಿಗೆ ಹಾಕಿದ. ಅವ್ವನ ಒಪ್ಪಿಗೆ ಬೇಕಾಗಿತ್ತು. ಅವಳು ಹೆಬ್ಬೆಟ್ಟು ಒತ್ತಿದಳು. ಆದೇಶ ಬಂದ ದಿನ ತಾಳಿಯನ್ನು ತಾನೇ ಬಿಚ್ಚಿ ಗೂಡಿನಲ್ಲಿಟ್ಟು, ‘ಬುಡು, ಕುತ್ತಿಗೆ ಅಗುರಾಯ್ತು’ ಅಂದಳು. ಚಿಕ್ಕಪ್ಪ ತಲೆ ಬೋಳಿಸಿಕೊಂಡು ತಿಥಿ ಮಾಡಿದ. ಊರಿಗೆಲ್ಲ ಊಟ ಹಾಕಿದ. ನಾನೂ ಉಂಡೆ.

ಹೀಗೆ ಸತ್ತ ಅಪ್ಪನ ವಿಷಯವಾಗಿ ಒಂದು ಮಧ್ಯಾಹ್ನ ಅಂಗಡಿಗೆ ಫೋನು ಬಂತು. ಅತ್ತ ಕಡೆ ಇಂಗ್ಲಿಷ್ ಮಾತಾಡುವ ಹೆಂಗಸು. ನನ್ನ ವಯಸ್ಸಿನವಳೇ ಇರಬೇಕು. ನನ್ನ ಇಂಗ್ಲಿಷು ಅರ್ಜಿಯ ಇಂಗ್ಲಿಷು. ಆದರೂ ಅವಳು ನಿಧಾನವಾಗಿ ಹೇಳಿದ್ದು ಅರ್ಥವಾಯಿತು. ಅಪ್ಪ ಅವಳ ತಾಯಿಯ ಜೊತೆ ಮೂವತ್ತು ವರ್ಷ ಇದ್ದವನು. ತಾಯಿ ತೀರಿಕೊಂಡಿದ್ದಾಳೆ. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದಿದೆ. ಪಿರಿಯಾಪಟ್ಟಣದ ಕಡೆಯ ಯಾರೋ ಅಲ್ಲಿ ಸಿಕ್ಕಿ ನನ್ನ ಅಂಗಡಿಯ ವಿಷಯ ಹೇಳಿದ್ದರಂತೆ. ಅದರಿಂದ ಅವಳು ನಂಬರು ಹುಡುಕಿದ್ದಳು.

‘ಅವರು ನನ್ನ ತಂದೆಯಲ್ಲ’ ಎಂದಳು. ‘ಅಮ್ಮನಿಗೋಸ್ಕರ ಸಹಿಸಿಕೊಂಡಿದ್ದೆ. ಇಲ್ಲಿ ವೃದ್ಧರ ಮನೆಗೆ ಸೇರಿಸಬಹುದು. ಆದರೆ ಅವರು ಊರು ಊರು ಅನ್ನುತ್ತಾರೆ. ನಿಮ್ಮ ತಂದೆ ತಾನೇ? ನೀವೇ ನಿರ್ಧಾರ ಮಾಡಿ.’

‘ನಮ್ಮ ತಂದೆ ಸತ್ತು ಬಹಳ ವರ್ಷವಾಯಿತು’ ಎಂದು ಹೇಳಿ ಫೋನು ಇಟ್ಟೆ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ನಮ್ಮ ಜೊತೆಯಲ್ಲೇ ಇದ್ದಳು. ನನ್ನ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರು, ಮಗಳಿಗೆ ಮದುವೆಯಾಗಿದೆ, ಹಾಗಾಗಿ ಹಗಲೆಲ್ಲ ಮನೆಯಲ್ಲಿ ಅವಳೊಬ್ಬಳೇ. ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ತಲೆ ಎತ್ತಲಿಲ್ಲ.

‘ಬದುಕವ್ನಾ?’

‘ಹೂಂ.’

‘ಇರ್ಲಿ ಬುಡು. ನಮಗೇನಾಗ್ಬೇಕು.’

ಅಲ್ಲಿಗೆ ಮುಗಿಯಬೇಕಾಗಿತ್ತು. ವಾರ ಕಳೆದ ಮೇಲೆ ಮತ್ತೆ ಫೋನು ಬಂತು. ಈ ಸಲ ಅಪ್ಪನೇ. ಬಾಯಿ ಸ್ವಲ್ಪ ಸೊಟ್ಟಗಾಗಿದ್ದರಿಂದ ಮಾತು ತೊದಲುತ್ತಿತ್ತು.

‘ಮಗಾ, ನಾನು ಕಣವ್ವಾ’ ಅಂದ. ‘ಒಂದ್ಸಲ ಊರು ತೋರ್ಸವ್ವಾ. ಆಮ್ಯಾಕೆ ಎಲ್ಲಾರ ಬುಟ್ಬುಡು.’

ಕ್ಷಮಿಸು ಅನ್ನಲಿಲ್ಲ. ನೀನು ಹೇಗಿದ್ದೀಯ ಅಂತಲೂ ಕೇಳಲಿಲ್ಲ. ಊರು ತೋರಿಸಬೇಕಂತೆ. ನಾನು ‘ನೋಡೋಣ’ ಅಂದೆ. ಅಂಗಡಿಗೆ ಬರುವವರಿಗೆ ಆಗದ ಕೆಲಸಕ್ಕೆ ಹೇಳುವ ಮಾತು ಅದು.

ಆ ಭಾನುವಾರ ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿಸಲು ಊರಿಗೆ ಹೋದೆ. ಅಣ್ಣ ಬದುಕಿರುವುದು ತಮ್ಮನಿಗೆ ಗೊತ್ತಾಗಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಕರೆಸಿಕೊಳ್ಳುವ ಯೋಚನೆ ಇರಲಿಲ್ಲ. ಚಿಕ್ಕಪ್ಪ ಜಗುಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದವನು ನನ್ನ ಮಾತು ಮುಗಿಯುವ ಮೊದಲೇ ಎದ್ದು ನಿಂತ.

‘ಸತ್ತೋನ್ನ ಯಾಕಮ್ಮಿ ಎಬ್ಬುಸ್ತೀಯಾ? ನಾನು ತಲೆ ಬೋಳುಸ್ಕೊಂಡು ತಿಥಿ ಮಾಡಿವ್ನಿ. ಕೋರ್ಟು ಬರ್ದು ಕೊಟ್ಟದೆ. ಯಾವನೋ ಮುದುಕನ್ನ ತಂದು ನಮ್ಮಣ್ಣ ಅಂತ ನಿಲ್ಸಿ ಜಮೀನು ಒಡೀಬೇಕು ಅಂತಿದ್ದೀಯಾ? ನಂಗೊತ್ತಿಲ್ವಾ ನಿನ್ ಬುದ್ಧಿ? ಊರೋರ ಅರ್ಜಿ ಬರ್ದು ಬರ್ದು ಕಳ್ಳ ಕಾಗ್ದ ಮಾಡೋದು ಕಲ್ತುಬುಟ್ಟಿದ್ದೀಯಾ!’

ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ನಾನು ಒಂದು ಲೋಟ ನೀರೂ ಕುಡಿಯದೆ ಎದ್ದು ಬಂದೆ. ಬಸ್ಸು ಹತ್ತಿದೆ. ಪಿರಿಯಾಪಟ್ಟಣ ದಾಟುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಯಾವ ಮುದುಕ ಎಂದು ಇವನಿಗೆ ತೋರಿಸಿಯೇ ತೀರುತ್ತೇನೆ. ಅಪ್ಪ ನನ್ನ ಮನೆಗೆ ಬರಲು ಅವತ್ತಿನ ಆ ಬೈಗುಳವೇ ಕಾರಣ. ಬೇರೆ ಕಾರಣಗಳನ್ನು ಜನ ಕಟ್ಟಿಕೊಂಡಿದ್ದಾರೆ.

ಅಪ್ಪ ಅಲ್ಲಿಯ ಪ್ರಜೆಯಾಗಿ ಬಹಳ ವರ್ಷವಾಗಿತ್ತು. ಅಂದರೆ ನಮ್ಮ ಸರ್ಕಾರದ ಲೆಕ್ಕದಲ್ಲಿ ಅವನು ವಿದೇಶಿ. ಹಬ್ಬಕ್ಕೆ ಬಂದು ಹೋಗುವ ಹಾಗಿದ್ದರೆ ಪ್ರವಾಸಿ ವೀಸಾ ಸಾಕಿತ್ತು. ಇಲ್ಲಿಯೇ ಇರಬೇಕಾದರೆ ಬೇರೆ ವೀಸಾ. ಅದಕ್ಕೆ ಅವನು ಮೂಲದಲ್ಲಿ ಭಾರತದವನು ಎಂದು ತೋರಿಸಬೇಕು. ಹಳೆಯ ಭಾರತದ ಪಾಸ್‌ಪೋರ್ಟನ್ನು ಮರಳಿಸಿದ ಪತ್ರ ಕೊಡಬೇಕು. ಆ ಪಾಸ್‌ಪೋರ್ಟು ಎಲ್ಲಿ ಎಂದು ಕೇಳಿದರೆ ಅಪ್ಪ, ‘ಅವ್ಳು ಎಲ್ಲೋ ಇಕ್ಕಿದ್ಲು ಕಣವ್ವ’ ಅಂದ. ಆ ‘ಅವ್ಳು’ ಯಾರೆಂದು ಬೇರೆ ಹೇಳಬೇಕಾಗಿರಲಿಲ್ಲ. ನಾನು ಫೋನು ಕಟ್ ಮಾಡಿದೆ.

ಇಂಗ್ಲೆಂಡಿನ ಆ ಮಗಳಿಗೂ ನನಗೂ ಅಲ್ಲಿಂದ ಮುಂದೆ ದಿನಾ ಮೆಸೇಜು. ಅವಳು ಒಂದು ವಾಕ್ಯಕ್ಕಿಂತ ಹೆಚ್ಚು ಬರೆಯುತ್ತಿರಲಿಲ್ಲ. ನಾನೂ ಬರೆಯುತ್ತಿರಲಿಲ್ಲ. ‘ಪಾಸ್‌ಪೋರ್ಟು ಸಿಗಲಿಲ್ಲ.’ ‘ಕಳೆದುಹೋಗಿದೆ ಎಂದು ಅಲ್ಲಿಯ ಪೊಲೀಸರಲ್ಲಿ ಬರೆಸಿ.’ ‘ಬರೆಸಿದೆ.’ ‘ಫೋಟೋ ಮಸುಕಾಗಿದೆ, ಮತ್ತೆ ಕಳಿಸಿ.’ ಇಬ್ಬರಿಗೂ ಆ ಮುದುಕನ ಮೇಲೆ ಕೋಪ. ಅವಳಿಗೆ ಅವನು ತನ್ನ ತಾಯಿಯ ಮನೆಯಲ್ಲಿ ಬೇರೂರಿದನೆಂದು, ನನಗೆ ನನ್ನ ತಾಯಿಯ ಮನೆಯಿಂದ ಕಿತ್ತುಕೊಂಡು ಹೋದನೆಂದು. ಆದರೂ ಒಂದು ಸಲವೂ ನಾವು ಅದನ್ನು ಮಾತಾಡಿಕೊಳ್ಳಲಿಲ್ಲ. ಒಮ್ಮೆ ಮಾತ್ರ ಅವಳು ಕೇಳಿದಳು, ‘ನಿಮ್ಮ ಅಮ್ಮ ಇದ್ದಾರೆಯೇ?’ ಇದ್ದಾರೆ ಎಂದೆ. ಆಮೇಲೆ ಎರಡು ದಿನ ಅವಳಿಂದ ಮೆಸೇಜು ಬರಲಿಲ್ಲ. ಊರಿನ ಹೆಂಡತಿಯ ಬಗ್ಗೆ ಅವಳ ತಾಯಿಗೆ ಅವನು ಏನೆಂದು ಹೇಳಿದ್ದನೋ.

ಮೂಲದ ದಾಖಲೆಗೆ ಊರಿನ ಪ್ರಾಥಮಿಕ ಶಾಲೆಗೆ ಹೋದೆ. ಮುಖ್ಯ ಶಿಕ್ಷಕಿ ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಿಂದ ಗೆದ್ದಲು ತಿಂದ ದಾಖಲಾತಿ ಪುಸ್ತಕ ತೆಗೆದರು. ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು. ಸಿಕ್ಕಿತು. ನೀಲಿ ಮಸಿ, ಅಜ್ಜನ ಹೆಬ್ಬೆಟ್ಟು. ಆದರೆ ಶಾಲೆಯಲ್ಲಿ ಅಪ್ಪನ ಹೆಸರು ‘ಯ್ಯ’ ಎಂದು ಮುಗಿದರೆ ಇಂಗ್ಲೆಂಡಿನ ಪಾಸ್‌ಪೋರ್ಟಿನಲ್ಲಿ ‘ಪ್ಪ’ ಎಂದು ಮುಗಿಯುತ್ತಿತ್ತು. ಹುಟ್ಟಿದ ದಿನವೂ ಬೇರೆ. ಎರಡೂ ಹೆಸರಿನವನು ಒಬ್ಬನೇ ಎಂದು ಪ್ರಮಾಣಪತ್ರ ಮಾಡಿಸಿದೆ. ಅಂಗಡಿಯಲ್ಲಿ ಇಂಥವನ್ನು ನೂರಾರು ಮಾಡಿದ್ದೇನೆ. ಜನ ತಡವಾಯಿತೆಂದು ರೇಗಿದರೆ, ‘ಸರ್ಕಾರದ ಕೆಲಸ, ತಾಳ್ಮೆ ಇರಲಿ’ ಎನ್ನುತ್ತಿದ್ದೆ. ಈಗ ರಾಯಭಾರ ಕಚೇರಿಯಿಂದ ಒಂದೊಂದೇ ಆಕ್ಷೇಪಣೆ ಬರುವಾಗ ಕೀಬೋರ್ಡು ಎತ್ತಿ ಕುಕ್ಕುತ್ತಿದ್ದೆ.

ನನ್ನಿಂದ ಒಂದು ಮುಚ್ಚಳಿಕೆಯೂ ಬೇಕಾಗಿತ್ತು. ಈ ವಿದೇಶಿಯ ಊಟ, ವಸತಿ, ವೈದ್ಯಕೀಯ ಎಲ್ಲಕ್ಕೂ ನಾನು ಜವಾಬ್ದಾರಳು, ಅವನ ನಡತೆಗೂ ನಾನೇ ಹೊಣೆ ಎಂದು ಬರೆದು ಸಹಿ ಹಾಕಬೇಕು. ಅವನ ನಡತೆಗೆ ನಾನು ಹೊಣೆ! ಟೈಪ್ ಮಾಡಿ ಪ್ರಿಂಟು ತೆಗೆದು ಅದನ್ನು ಮನೆಗೆ ತಂದೆ. ಗಂಡ ಓದಿ, ‘ಹಾಕೋದಾದ್ರೆ ಹಾಕು. ಆಮೇಲೆ ದಿನಾ ಗೊಣಗಬೇಡ’ ಎಂದರು. ಅವ್ವನಿಗೆ ಓದಿ ಹೇಳಿದೆ.

‘ನಿಂಗೆ ಇಂಥದ್ದು ಅವ್ನು ಯಾವತ್ತಾರ ಬರ್ದು ಕೊಟ್ಟಿದ್ನಾ?’ ಎಂದು ಕೇಳಿದಳು.

‘ಇಲ್ಲ.’

‘ಸರಿ. ಸೈನು ಹಾಕ್ಕೊ. ಆದ್ರೆ ಅವ್ನು ಈ ಹೊಸ್ಲು ದಾಟೋ ದಿನ ನಾನು ಇಲ್ಲಿರಾಕಿಲ್ಲ. ಈಗ್ಲೇ ಹೇಳಿವ್ನಿ.’

ಅವ್ವ ಕೋಪಕ್ಕೆ ಹೇಳುತ್ತಾಳೆ, ಆಮೇಲೆ ಸರಿಹೋಗುತ್ತಾಳೆ ಎಂದುಕೊಂಡೆ. ಸಹಿ ಹಾಕಿದೆ.

ಎಲ್ಲ ಮುಗಿಯಿತು ಅನ್ನುವಾಗ ಕಾಗದ ವಿಚಾರಣೆಗೆಂದು ಜಿಲ್ಲಾ ಪೊಲೀಸರಿಗೆ ಬಂತು. ಅಲ್ಲಿಂದ ಊರಿನ ಠಾಣೆಗೆ. ಒಬ್ಬ ಹೆಡ್ ಕಾನ್‌ಸ್ಟೇಬಲ್ ನನಗೆ ಫೋನು ಮಾಡಿ, ‘ನಿಮ್ಮ ಚಿಕ್ಕಪ್ಪನ ಹೇಳಿಕೆ ಬೇಕಮ್ಮ. ರೆಕಾರ್ಡಲ್ಲಿ ನಿಮ್ಮ ತಂದೆ ಸತ್ತವ್ರೆ’ ಎಂದರು. ಅವರು ಹೋಗುವ ದಿನ ನಾನೂ ಹೋದೆ.

ಹೊಗೆಸೊಪ್ಪು ಬೇಯಿಸುವ ಕಾಲ. ಚಿಕ್ಕಪ್ಪನ ಬ್ಯಾರನ್, ಎಂದರೆ ಸೊಪ್ಪು ಬೇಯಿಸುವ ಮನೆಯ ಮುಂದೆ ಐದಾರು ಹೆಂಗಸರು ಕೂತು ಹಸಿರು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಒಳಗೆ ಬೆಂಕಿ, ಹೊರಗೆ ಬಿಸಿಲು. ಚಿಕ್ಕಪ್ಪ ನನ್ನನ್ನು ನೋಡಿ ಮುಖ ತಿರುಗಿಸಿದ. ಪೊಲೀಸಿನವರಿಗೆ ಕುರ್ಚಿ ಹಾಕಿಸಿ ಕೋರ್ಟಿನ ಆದೇಶವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಟ್ಟ.

‘ನೋಡಿ ಸಾ, ನಮ್ಮಣ್ಣ ತೀರೋಗವ್ನೆ. ಇವ್ಳು ಹೇಳ್ತಿರೋನು ಯಾರೋ ನಂಗೆ ಗೊತ್ತಿಲ್ಲ.’

ಹೆಡ್ ಕಾನ್‌ಸ್ಟೇಬಲ್ ಬರೆದುಕೊಳ್ಳಲು ಶುರು ಮಾಡಿದರು. ನಾನು ಇಂಗ್ಲೆಂಡಿಗೆ ವಿಡಿಯೋ ಕರೆ ಹಚ್ಚಿದೆ. ಅಲ್ಲಿ ಬೆಳಿಗ್ಗೆ. ಆ ಮಗಳು ಫೋನನ್ನು ಅಪ್ಪನ ಮುಂದೆ ಹಿಡಿದಳು. ಸ್ವೆಟರ್ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ನಾನು ಪರದೆಯನ್ನು ಚಿಕ್ಕಪ್ಪನ ಕಡೆ ತಿರುಗಿಸಿ ‘ಇವರು ಯಾರೋ ನೋಡಿ ಹೇಳಿ’ ಎಂದೆ.

‘ನಾನು ನೋಡಾಕಿಲ್ಲ’ ಅಂದ ಚಿಕ್ಕಪ್ಪ. ಆದರೆ ನೋಡಿದ.

ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಪರದೆಯನ್ನು ದಿಟ್ಟಿಸಿದ. ‘ಲೇ, ನಿನ್ ಹಲ್ಲು ಕಟ್ಟುಸ್ಕೊಳ್ನಿಲ್ವೇನ್ಲಾ ಇನ್ನೂವಾ?’ ಎಂದ. ಚಿಕ್ಕಪ್ಪನಿಗೆ ಮುಂದಿನ ಎರಡು ಹಲ್ಲು ಇಲ್ಲ. ಚಿಕ್ಕಂದಿನಲ್ಲಿ ಚಿನ್ನಿಕೋಲು ಆಡುವಾಗ ಅಪ್ಪನೇ ಮುರಿದದ್ದಂತೆ. ಆ ವಿಷಯ ನನಗೆ ಗೊತ್ತಾದದ್ದೇ ಆಗ.

ಚಿಕ್ಕಪ್ಪ ಪರದೆಯ ಹತ್ತಿರಕ್ಕೆ ಬಂದ. ಆಮೇಲೆ ಶುರುವಾಯಿತು.

‘ಥೂ ನಿನ್ ಮಕಕ್ಕೆ ಬೆಂಕಿ ಹಾಕ! ಈಗ ನೆಪ್ಪಾಯ್ತೇನ್ಲಾ ನನ್ ಹಲ್ಲು? ಅವ್ವ ಸಾಯೋವಾಗ ಮೂರು ದಿನ ನಿನ್ನೇ ಕರುದ್ಲು ಕಣ್ಲಾ. ನಾನು ಪಕ್ಕದಲ್ಲೇ ಕೂತಿವ್ನಿ, ನನ್ನ ಕೈ ಇಡ್ಕೊಂಡು ನಿನ್ ಹೆಸ್ರು ಕರುದ್ಲು. ನಾನು ಏನು ಅನ್ಲಿ? ಬತ್ತಾವ್ನೆ ಕಣವ್ವ, ಬಿಳಿಕೆರೆ ತಾವು ಬಸ್ಸು ಕೆಟ್ಟದಂತೆ, ಈಗ ಬತ್ತಾನೆ ಅಂತ ಸುಳ್ಳು ಹೇಳ್ದೆ. ಅವ್ಳು ಬಾಗ್ಲು ನೋಡ್ಕಂಡೇ ಪ್ರಾಣ ಬುಟ್ಲು. ಬೆಂಕಿ ನಾನು ಇಟ್ಟೆ. ಇರೇ ಮಗ ನೀನು, ಬೆಂಕಿ ನಾನು ಇಟ್ಟೆ! ನಿನ್ ಎಂಡ್ತಿ ಕಂಡೋರ ಮನೆ ಗದ್ದೇಲಿ ಬಗ್ಗಿ ಬಗ್ಗಿ ಸೊಂಟ ಮುರ್ಕೊಂಡ್ಲು. ನೀನು ಅಲ್ಲಿ ಬಿಳೇ ಎಂಗ್ಸಿನ ಜೊತೆ ಕೇಕು ತಿನ್ಕೊಂಡು ಕೂತಿದ್ದೆ!’

ಹೆಂಗಸರ ಕೈ ನಿಂತಿತ್ತು. ಚಿಕ್ಕಪ್ಪ ಬೈಯುತ್ತಲೇ ಇದ್ದ. ಬೈದು ಬೈದು ಕೆಮ್ಮಿದ, ನೀರು ಕುಡಿದ, ಮತ್ತೆ ಬೈದ. ಫೋನು ಹಿಡಿದ ನನ್ನ ಕೈ ನೋಯುತ್ತಿತ್ತು. ಆದರೆ ಇಳಿಸಲಿಲ್ಲ. ಎಲ್ಲ ಮುಗಿದ ಮೇಲೆ ಹೆಡ್ ಕಾನ್‌ಸ್ಟೇಬಲ್ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

‘ಸಾಕು ಬುಡಿ ಯಜಮಾನ್ರೇ. ಸೋದರನು ವಿಡಿಯೋ ಕರೆಯಲ್ಲಿ ಗುರುತಿಸಿರುತ್ತಾನೆ ಅಂತ ಬರ್ಕೊಂಡಿವ್ನಿ. ಇಲ್ಲೊಂದು ಸಹಿ ಹಾಕಿ.’

ಚಿಕ್ಕಪ್ಪನಿಗೆ ಆಗ ಎಚ್ಚರವಾಯಿತು. ತಾನೇನು ಮಾಡಿದೆ ಎಂದು ನನ್ನ ಮುಖ ನೋಡಿದ. ಜಮೀನಿನ ತಂಟೆಗೆ ನಾನಾಗಲಿ ಅಪ್ಪನಾಗಲಿ ಬರುವುದಿಲ್ಲ ಎಂದು ಪೊಲೀಸರ ಎದುರಿಗೇ ಹೇಳಿದೆ. ನಂಬಿದನೋ ಇಲ್ಲವೋ, ಸಹಿ ಹಾಕಿದ. ‘ಅವ್ನು ಈ ಊರಿಗೆ ಕಾಲಿಡಂಗಿಲ್ಲ’ ಅಂದ. ಅವತ್ತಿನಿಂದ ಇವತ್ತಿನವರೆಗೂ ಚಿಕ್ಕಪ್ಪ ಅಣ್ಣನನ್ನು ನೋಡಲು ಬಂದಿಲ್ಲ. ಊರು ತೋರಿಸು ಎಂದು ಬಂದವನಿಗೆ ಊರು ಸಿಕ್ಕಿಲ್ಲ.

ವೀಸಾ ಆದ ದಿನ ಇಂಗ್ಲೆಂಡಿನಿಂದ ‘ಆಯಿತು’ ಎಂದು ಒಂದೇ ಪದದ ಮೆಸೇಜು ಬಂತು. ಟಿಕೆಟ್ಟು ಆಯಿತು. ಬರುವ ಹಿಂದಿನ ದಿನ ಅಂಗಡಿಯಿಂದ ಮನೆಗೆ ಬಂದರೆ ಅವ್ವ ಒಂದು ಕೈಚೀಲ, ಒಂದು ಟ್ರಂಕು ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಎಚ್.ಡಿ. ಕೋಟೆಯ ಕೂಡುರಸ್ತೆಯಾದ ಹ್ಯಾಂಡ್‌ಪೋಸ್ಟಿನಲ್ಲಿ ಚಿಕ್ಕವ್ವ, ಎಂದರೆ ಅವ್ವನ ತಂಗಿ, ಟೀ ಅಂಗಡಿ ಇಟ್ಟುಕೊಂಡಿದ್ದಾಳೆ. ಅಲ್ಲಿಗೆ ಹೊರಟಿದ್ದಳು.

‘ಅವ್ವಾ, ನೀನು ಹೋಗೋ ಹಾಗಿದ್ರೆ ನಾನು ಅವ್ರನ್ನ ಕರೆಸ್ತಾನೇ ಇರ್ಲಿಲ್ಲ’ ಎಂದೆ.

‘ಸುಳ್ಳೇಳಬ್ಯಾಡ. ನಾನು ಮುಂದಾಗೇ ಹೇಳಿದ್ದೆ. ನಿಂಗೆ ನಿನ್ ಚಿಕ್ಕಪ್ಪನ್ ಮೇಲೆ ಗೆಲ್ಬೇಕಾಗಿತ್ತು, ಗೆದ್ದೆ. ಈಗ ನನ್ನ ಬಸ್ಸು ಹತ್ಸು.’

ಟ್ರಂಕು ಎತ್ತಿಕೊಂಡೆ. ಕೋಟೆ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಅವಳು ನನ್ನ ಕಡೆ ನೋಡಲಿಲ್ಲ. ಮಾರನೆಯ ದಿನ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಹೋಗಿ ಅಪ್ಪನನ್ನು ಕರೆತಂದೆವು. ವಿಮಾನ ನಿಲ್ದಾಣದವರು ಗಾಲಿಕುರ್ಚಿಯಲ್ಲಿ ತಂದು ಬಿಟ್ಟರು. ಒಣಗಿದ ಮುದುಕ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ‘ನಮ್ಮವ್ವನ್ ಥರಾನೇ ಇದ್ದೀಯಾ’ ಎಂದ. ನಾನು ಅವನ ಬ್ಯಾಗು ಎತ್ತಿಕೊಂಡು ಮುಂದೆ ನಡೆದೆ.

ವಿದೇಶಿಯನ್ನು ಮನೆಯಲ್ಲಿ ಇಟ್ಟುಕೊಂಡವರು ಒಂದು ದಿನದೊಳಗೆ ಪೊಲೀಸರಿಗೆ ತಿಳಿಸಬೇಕು. ಅದಕ್ಕೆ ಸಿ ಫಾರಂ ಇದೆ. ಬಂದ ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಕೂತು ತುಂಬಿದೆ. ಆಮೇಲೆ ಮೈಸೂರಿಗೆ ಕರೆದುಕೊಂಡು ಹೋಗಿ ನೋಂದಣಿ ಮಾಡಿಸಿದೆ. ಕೌಂಟರಿನಲ್ಲಿದ್ದ ಹುಡುಗಿ ‘ಫಾರಿನರ್ ಎಲ್ಲಿ?’ ಎಂದಳು. ಲುಂಗಿ ಉಟ್ಟು ಬೆಂಚಿನ ಮೇಲೆ ಕೂತಿದ್ದ ಅಪ್ಪನನ್ನು ತೋರಿಸಿದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅವಳು ಅಂದುಕೊಂಡಳು. ಅಪ್ಪ ಅಲ್ಲಿಂದಲೇ, ‘ನಾನೇ ಕಣವ್ವ ಫಾರಿನ್ನೋನು’ ಎಂದ. ಅಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ಮನೆಯಲ್ಲಿ ನಾನು ಅವನನ್ನು ಅಪ್ಪ ಎಂದು ಕರೆಯುವುದಿಲ್ಲ. ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ‘ಊಟ ಬಡಿಸಿದೆ’, ‘ಮಾತ್ರೆ ಅಲ್ಲಿದೆ’, ‘ಸ್ನಾನಕ್ಕೆ ನೀರು ಕಾದಿದೆ’ ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತೇನೆ. ಒಂದು ಲೋಟ ನೀರು ಕೊಟ್ಟರೂ ‘ಥ್ಯಾಂಕ್ಯೂ’ ಅನ್ನುತ್ತಾನೆ. ಬಚ್ಚಲಲ್ಲಿ ಸೋಪು ಜಾರಿದರೆ ‘ಸಾರಿ’ ಅನ್ನುತ್ತಾನೆ. ಇಷ್ಟು ಸುಲಭವಾಗಿ ಬಾಯಿಗೆ ಬರುವ ಮಾತು, ಬೇಕಾದ ಕಡೆ ಮಾತ್ರ ಬರುವುದಿಲ್ಲವಲ್ಲ ಎಂದು ಸಿಟ್ಟು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುವುದು ಅವನ ಕನ್ನಡ ಕೇಳಿದಾಗ. ಅವನು ಊರು ಬಿಟ್ಟ ದಿನ ಇದ್ದ ಕನ್ನಡ ಅದು, ಹಾಗೇ ಉಳಿದಿದೆ. ನಮ್ಮ ಬಾಯಲ್ಲಿ ಬದಲಾಗಿ ಹೋದ ಎಷ್ಟೋ ಮಾತುಗಳನ್ನು ಅವನು ಅಜ್ಜಿಯ ಥರವೇ ಆಡುತ್ತಾನೆ. ಅಡಿಗೆಮನೆಯಲ್ಲಿ ಇದ್ದಾಗ ಹೊರಗಿನಿಂದ ಆ ದನಿ ಬಂದರೆ ಅಜ್ಜಿ ಬಂದಳೇನೋ ಎಂದು ತಿರುಗಿ ನೋಡುತ್ತೇನೆ. ಅಜ್ಜಿಯ ಮಾತನ್ನು ಇವನು ಆಡಬಾರದಿತ್ತು.

ಅಪ್ಪ ಬದುಕಿದ್ದಾನೆಂದು ಪೊಲೀಸರು ಬರೆದ ಮೇಲೆ ಅವ್ವನ ರೇಷನ್ ಕಾರ್ಡಿನಲ್ಲಿ ವಿಧವೆ ಎಂದಿರುವುದು ತಿದ್ದುಪಡಿ ಆಗಬೇಕೆಂದು ಗ್ರಾಮಲೆಕ್ಕಿಗರು ಹೇಳಿ ಕಳಿಸಿದರು. ನಾನು ಹ್ಯಾಂಡ್‌ಪೋಸ್ಟಿಗೆ ಹೋಗಿ ಅವ್ವನನ್ನು ಕೇಳಿದೆ. ಚಿಕ್ಕವ್ವನ ಅಂಗಡಿಯಲ್ಲಿ ಬಸ್ಸಿನ ಜನಕ್ಕೆ ಟೀ ಲೋಟ ತೊಳೆದುಕೊಡುತ್ತಾ ಇದ್ದಳು. ಕೆಲಸ ಮಾಡಬೇಡ ಎಂದರೆ ಕೇಳುವುದಿಲ್ಲ.

‘ಅವ್ನು ಬದುಕಿರೋದು ಅವ್ನಿಷ್ಟ’ ಎಂದಳು. ‘ನಾನು ಮುಂಡೇನೇ. ಅಂಗೇ ಬರ್ಕೊಳಕ್ಕೆ ಹೇಳು.’

ನಾನು ಗ್ರಾಮಲೆಕ್ಕಿಗರಿಗೆ ಅದನ್ನೇ ಹೇಳಿದೆ. ಅವರು ಅಂಥ ಕಾಲಂ ಇಲ್ಲಮ್ಮ ಎಂದರು. ಕಾಗದ ಇನ್ನೂ ಅವರ ಮೇಜಿನ ಮೇಲಿದೆ.

ಪ್ರತಿ ಭಾನುವಾರ ಅವ್ವನನ್ನು ನೋಡಲು ಹೋಗುತ್ತೇನೆ. ವಾಪಸ್ ಬಂದಾಗ ಅಪ್ಪ ಮುಖ ನೋಡುತ್ತಾನೆ. ಒಂದು ದಿನ ಕೇಳಿಯೇ ಬಿಟ್ಟ. ‘ನನ್ನ ಇಚಾರ ಏನಾರ ಕೇಳುದ್ಲಾ?’

‘ಇಲ್ಲ.’

‘ಹೂಂ’ ಅಂದು ಕಿಟಕಿಯ ಕಡೆ ತಿರುಗಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವನಿಗಾಗಿ ಒಂದು ಸುಳ್ಳು ಖರ್ಚು ಮಾಡಲು ಮನಸ್ಸಾಗಲಿಲ್ಲ.

ಮೊನ್ನೆ ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಅಪ್ಪ ಇಲ್ಲ. ಬಚ್ಚಲು, ಹಿತ್ತಲು, ಪಕ್ಕದ ಮನೆ, ಎಲ್ಲೂ ಇಲ್ಲ. ಕೋಲು ಇಲ್ಲ, ಚಪ್ಪಲಿ ಇಲ್ಲ. ಹೆದರಿದೆ. ಅವನಿಗೆ ಏನಾಯಿತೋ ಎಂದಲ್ಲ, ನಾನು ಪೊಲೀಸರಿಗೆ ಏನು ಹೇಳಲಿ ಎಂದು. ಮುಚ್ಚಳಿಕೆಯಲ್ಲಿ ಸಹಿ ಹಾಕಿದವಳು ನಾನು. ಬಸ್ ನಿಲ್ದಾಣಕ್ಕೆ ಓಡಿದೆ. ಗಂಡನಿಗೆ ಫೋನು ಮಾಡಿ ಎಲ್ಲ ಕಂಡಕ್ಟರುಗಳಿಗೂ ಹೇಳಿಸಿದೆ. ಅಷ್ಟರಲ್ಲಿ ಅವ್ವನ ಫೋನು.

‘ನಿಮ್ಮಪ್ಪ ಇಲ್ಲಿಗೆ ಬಂದವ್ನೆ’ ಎಂದಳು. ದನಿಯಲ್ಲಿ ಏರಿಳಿತವೇ ಇಲ್ಲ. ‘ಮೂರೂವರೆ ಬಸ್ಸಿಗೆ ಹತ್ಸಿವ್ನಿ. ಕಂಡಕ್ಟ್ರಿಗೆ ಹೇಳಿವ್ನಿ. ಇಳುಸ್ಕೊ.’

‘ಏನಾಯ್ತವ್ವಾ? ಏನಂದ್ರು?’

‘ಅವ್ನೇನನ್ನಾನು? ನಾನಂದೆ.’ ಫೋನು ಇಟ್ಟುಬಿಟ್ಟಳು.

ಬಸ್ಸು ಬಂತು. ಅಪ್ಪ ಕಂಡಕ್ಟರಿನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಅಂಗಿಯ ಮೇಲೆ ಟೀ ಚೆಲ್ಲಿದ ಕಲೆ ಇತ್ತು. ಒಂದು ಕೈ ಬಿದ್ದ ಮುದುಕ ಹೇಳದೆ ಕೇಳದೆ ಬಸ್ಸು ಹತ್ತಿ ಹೋದದ್ದಕ್ಕೆ ಅಲ್ಲೇ ಜನರ ಮುಂದೆ ರೇಗಿದೆ. ಎಲ್ಲಾದರೂ ಬಿದ್ದು ಹೋಗಿದ್ದರೆ, ಯಾವನಾದರೂ ಪೊಲೀಸಿನವನು ಹಿಡಿದಿದ್ದರೆ ಏನು ಗತಿ ಎಂದೆ. ಅವನು ತಲೆ ತಗ್ಗಿಸಿ ನಿಂತಿದ್ದ. ನನ್ನದು ಮುಗಿದ ಮೇಲೆ ಅಂದ:

‘ಬೋದ್ಲು ಕಣವ್ವ.’

‘ಏನಂತ?’

‘ಎಲ್ಲಾನೂ. ಒಂದೂ ಬುಡ್ನಿಲ್ಲ.’ ಕೋಲನ್ನು ಸರಿಯಾಗಿ ಊರಿಕೊಂಡು, ‘ನಿಂತ್ಕಂಡೇ ಬೋದ್ಲು. ಕೂತ್ಕೊ ಅನ್ನಾಕೂ ಆಗ್ನಿಲ್ಲ ನಂಗೆ’ ಎಂದ.

ಅವನ ಮುಖದಲ್ಲಿ ಅಳು ಇರಲಿಲ್ಲ. ಬಹಳ ದೂರ ನಡೆದು ಬಂದವನ ಹಾಗೆ ದಣಿದಿದ್ದ. ಚಿಕ್ಕಪ್ಪ ಬೈದಾಗಿತ್ತು, ಅವ್ವ ಬೈದಾಗಿತ್ತು. ನಾನೊಬ್ಬಳೇ ಇನ್ನೂ ಬೈದಿರಲಿಲ್ಲ. ಬಸ್ ನಿಲ್ದಾಣದಲ್ಲಿ ರೇಗಿದ್ದು ಆ ಬೈಗುಳವಲ್ಲ. ಅದು ನನ್ನೊಳಗೇ ಇದೆ, ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿಲ್ಲ. ಆಟೋ ಕರೆದೆ. ಅಪ್ಪ ಎಡಗೈಯಲ್ಲಿ ಕಂಬಿ ಹಿಡಿದು ಹತ್ತಲು ನೋಡಿದ, ಆಗಲಿಲ್ಲ. ನಾನು ಅವನ ಸೊಂಟದ ಹಿಂದೆ ಕೈ ಕೊಟ್ಟು ಒಳಕ್ಕೆ ತಳ್ಳಿದೆ. ಸ್ವಲ್ಪ ಜೋರಾಗಿಯೇ ತಳ್ಳಿದೆ.

‘ಥ್ಯಾಂಕ್ಯೂ’ ಎಂದ.

‘ಸುಮ್ನೆ ಕೂತ್ಕೊಳ್ಳಿ’ ಎಂದೆ.